ನೆಟ್ ಐತಿ, ಹಾಡು ಬರವಲ್ದು

ಮನೆಯ ವೈಫೈ ಸ್ಪೀಕರ್ ತುಂಡು ತುಂಡಾಗಿ ಹಾಡುತ್ತಿದೆಯೇ? ಹೊಸ ಸ್ಪೀಕರ್, ದೊಡ್ಡ ಪ್ಲ್ಯಾನ್ ಎಂದು ಹಣ ಹಾಕುವ ಮುನ್ನ ರೌಟರ್ ಕೂತ ಜಾಗವನ್ನು ಒಮ್ಮೆ ನೋಡಿ, ಹಾಡು ಕೇಳುವವರ ಮಾತನ್ನು ಒಮ್ಮೆ ಕೇಳಿ.

ರಾಯಬಾಗ ತಾಲ್ಲೂಕಿನ ಮುಗಳಖೋಡ ಕೇಳಿ ಬೆಳೆದ ಊರು. ಯಲ್ಲಾಲಿಂಗೇಶ್ವರ ಮಠದ ಈ ಊರಿನಲ್ಲಿ ಭಜನೆ, ತತ್ವಪದ, ಪುರಾಣ, ಪ್ರವಚನ ಜನರಿಗೆ ಪುಸ್ತಕಕ್ಕಿಂತ ಮೊದಲು ಕಿವಿಯಿಂದಲೇ ಬಂದವು. ಮಠದ ಅಂಗಳದಲ್ಲಿ ಕೇಳಿದ್ದನ್ನು ಮನೆಯಲ್ಲೂ ಕೇಳಬೇಕೆಂಬ ಆಸೆಗೆ ರೇಡಿಯೊ ಬಂತು, ಆಮೇಲೆ ಟೇಪ್ ರೆಕಾರ್ಡರ್, ಸಿ.ಡಿ., ಮೆಮೊರಿ ಕಾರ್ಡ್ ಹಾಕುವ ಪುಟ್ಟ ಸ್ಪೀಕರ್ ಬಂದವು. ಈಗ ಓಣಿಯ ಕಂಬಗಳ ಮೇಲೆ ಫೈಬರ್ ತಂತಿ ಹರಿದಾಡುತ್ತಿದೆ. ಪುಣೆ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಬರುವಾಗ ಅಪ್ಪ, ಅವ್ವನಿಗೆಂದು ವೈಫೈ ಸ್ಪೀಕರ್ ತರುತ್ತಾರೆ. ಹಚ್ಚಿ ತೋರಿಸಿ, ಒಂದು ಹಾಡು ಕೇಳಿಸಿ, ಮರುದಿನ ಬಸ್ ಹತ್ತುತ್ತಾರೆ. ಅವರು ಹೋದ ಮೇಲೆ ಸ್ಪೀಕರ್ ತೊದಲಲು ಶುರು ಮಾಡುತ್ತದೆ.

ಆಗ ಮನೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: “ನೆಟ್ ಐತಿ, ಹಾಡು ಬರವಲ್ದು.” ಟಿ.ವಿ.ಯಲ್ಲಿ ಯೂಟ್ಯೂಬ್ ಓಡುತ್ತದೆ, ಮೊಬೈಲಿಗೆ ವಾಟ್ಸ್‌ಆ್ಯಪ್ ಬರುತ್ತದೆ, ಸ್ಪೀಕರ್ ಮಾತ್ರ ಎರಡು ಸಾಲು ಹಾಡಿ ಸುಮ್ಮನಾಗುತ್ತದೆ. ಮಗನಿಗೆ ಫೋನ್ ಮಾಡಿದರೆ, “ನೀ ಏನರ ಒತ್ತಿರಬೇಕು ನೋಡವ್ವಾ” ಎನ್ನುತ್ತಾನೆ. ಅವ್ವ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಆಸೆಯಿಂದ ತಂದ ಸ್ಪೀಕರ್ ಮೂಲೆ ಸೇರುತ್ತದೆ.

ಬಹುಪಾಲು ಮನೆಗಳಲ್ಲಿ ತಪ್ಪು ಅವ್ವನ ಬೆರಳಿನದಲ್ಲ. ಸ್ಪೀಕರ್ ಕೆಟ್ಟಿರುವುದಿಲ್ಲ, ಬೀದಿಯಿಂದ ಬಂದ ತಂತಿಯೂ ಸರಿಯಾಗಿಯೇ ಇರುತ್ತದೆ. ಕೆಡುವುದು ಬಾಗಿಲಿನಿಂದ ಒಳಗೆ, ಹಾಡು ಗಾಳಿಯಲ್ಲಿ ಸಾಗಬೇಕಾದ ಕೊನೆಯ ಕೆಲವು ಮಾರುಗಳಲ್ಲಿ. ಅಲ್ಲಿ ಏನಾಗುತ್ತಿದೆ ಎಂದು ಪತ್ತೆ ಹಚ್ಚಲು ಎಂಜಿನಿಯರ್ ಬೇಕಿಲ್ಲ. ತಾಳ್ಮೆ ಇರಬೇಕು, ಕಿವಿ ಚುರುಕಾಗಿರಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ಶಿಸ್ತು ಇರಬೇಕು.

ವೇಗದ ಲೆಕ್ಕ

ಹಾಡು ನಿಂತಾಕ್ಷಣ ‘ಸ್ಪೀಡ್ ಇಲ್ಲ, ಪ್ಲ್ಯಾನ್ ಏರಿಸಿ’ ಎಂಬ ಸಲಹೆ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಗುಣಮಟ್ಟದ ಎಂಪಿ3 ಹಾಡು ಸೆಕೆಂಡಿಗೆ 320 ಕಿಲೋಬಿಟ್ ಬೇಡುತ್ತದೆ. ಏನನ್ನೂ ಕುಗ್ಗಿಸದ ಸಿ.ಡಿ. ಧ್ವನಿಗೆ 1,411 ಕಿಲೋಬಿಟ್, ಅಂದರೆ ಒಂದೂವರೆ ಮೆಗಾಬಿಟ್‌ಗಿಂತ ಕಡಿಮೆ ಸಾಕು. ಮನೆಯ ಫೈಬರ್ ಸಂಪರ್ಕ 50 ಎಂಬಿಪಿಎಸ್‌ನದಾದರೆ 320 ಕಿಲೋಬಿಟ್‌ನ ನೂರೈವತ್ತು ಹಾಡುಗಳು ಏಕಕಾಲಕ್ಕೆ ಅದರಲ್ಲಿ ಹಿಡಿಸುತ್ತವೆ. ಪ್ಲ್ಯಾನನ್ನು 100ಕ್ಕೆ ಏರಿಸಿದರೆ ಮುನ್ನೂರು ಹಾಡು ಹಿಡಿಸೀತು. ಅವ್ವನ ಒಂದು ಹಾಡು ನಿಲ್ಲದೆ ಬಂದೀತೆಂಬ ಖಾತರಿ ಮಾತ್ರ ಸಿಗದು.

ಹಾಗಿದ್ದರೆ ಟಿ.ವಿ.ಯಲ್ಲಿ ಚಿತ್ರ ಸರಾಗವಾಗಿ ಓಡುವಾಗ ಸ್ಪೀಕರ್ ಯಾಕೆ ತೊದಲುತ್ತದೆ? ಉತ್ತರ ಇರುವುದು ಮುಂಗಡ ಸಂಗ್ರಹದಲ್ಲಿ, ತಂತ್ರಜ್ಞರು ಬಫರ್ ಎನ್ನುವುದರಲ್ಲಿ. ಯೂಟ್ಯೂಬ್ ಮುಂದಿನ ಹತ್ತಾರು ಸೆಕೆಂಡಿನ ಚಿತ್ರವನ್ನು ಮೊದಲೇ ತರಿಸಿ ಇಟ್ಟುಕೊಳ್ಳುತ್ತದೆ. ನಡುವೆ ಸಂಪರ್ಕ ಐದು ಸೆಕೆಂಡ್ ತಪ್ಪಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಮೊಬೈಲ್‌ನಿಂದ ಸ್ಪೀಕರ್‌ಗೆ ನೇರವಾಗಿ ಧ್ವನಿ ಕಳಿಸುವ ವ್ಯವಸ್ಥೆಗೆ ಅಷ್ಟು ಪುರುಸೊತ್ತಿಲ್ಲ. ಆ್ಯಪಲ್ ಕಂಪನಿ 2010ರಲ್ಲಿ ತಂದ ಏರ್‌ಪ್ಲೇ ಸುಮಾರು ಎರಡು ಸೆಕೆಂಡಿನ ಧ್ವನಿಯನ್ನಷ್ಟೇ ಮುಂದಿಟ್ಟುಕೊಳ್ಳುತ್ತಿತ್ತು. ಬ್ಲೂಟೂತ್‌ನಲ್ಲಿ ಅದು ಒಂದು ಸೆಕೆಂಡಿನ ಸಣ್ಣ ಪಾಲು. ಅಷ್ಟರೊಳಗೆ ಮುಂದಿನ ತುಣುಕು ಬಂದು ಮುಟ್ಟದಿದ್ದರೆ ಹಾಡು ನಿಂತೇ ನಿಲ್ಲುತ್ತದೆ. ಹಾಡಿಗೆ ಬೇಕಾಗಿರುವುದು ಸಣ್ಣ ಆದರೆ ಎಡೆಬಿಡದ ಹರಿವು. ಸ್ಪೀಡ್ ಟೆಸ್ಟ್ ತೋರಿಸುವ ದೊಡ್ಡ ಅಂಕಿ ಈ ಎಡೆಬಿಡದ ಗುಣವನ್ನು ಅಳೆಯುವುದಿಲ್ಲ.

ಧಾರವಾಡದ ಅಲೆ, ಡಬ್ಬಿಯ ಅಲೆ

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಇಲ್ಲಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಆ ಕೇಂದ್ರ ಮುಗಳಖೋಡದ ಒಳಕೋಣೆಯಲ್ಲಿ, ದಪ್ಪ ಕಲ್ಲಿನ ಗೋಡೆಯ ಹಿಂದೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದೇ ಮನೆಯಲ್ಲಿ ಇವತ್ತು ಪಡಸಾಲೆಯ ರೌಟರ್ ಅಡುಗೆಮನೆಗೆ ಮುಟ್ಟುತ್ತಿಲ್ಲ. ಇದು ವಿಚಿತ್ರವೆನಿಸಿದರೂ ಭೌತಶಾಸ್ತ್ರಕ್ಕೆ ಸರಿಯಾಗಿಯೇ ಇದೆ.

ಧಾರವಾಡ ಕೇಂದ್ರದ ಮಧ್ಯಮ ತರಂಗದ ಕಂಪನಾಂಕ 765 ಕಿಲೋಹರ್ಟ್ಸ್. ಆ ಅಲೆಯ ಉದ್ದ ಸುಮಾರು 392 ಮೀಟರ್. ಅಷ್ಟು ಉದ್ದದ ಅಲೆಗೆ ಎರಡಡಿ ಗೋಡೆ ಲೆಕ್ಕಕ್ಕೇ ಬರುವುದಿಲ್ಲ. ವೈಫೈನ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ, 5 ಗಿಗಾಹರ್ಟ್ಸ್‌ನದು ಆರು ಸೆಂಟಿಮೀಟರ್ ಆಸುಪಾಸು. ಗೇಣುದ್ದವೂ ಇಲ್ಲದ ಈ ಅಲೆಗೆ ಗೋಡೆ, ಕಂಬ, ಕಪಾಟು, ಮನುಷ್ಯನ ಮೈ ಎಲ್ಲವೂ ಅಡ್ಡಿ. ಶಕ್ತಿಯ ಅಂತರವೂ ದೊಡ್ಡದು. ಧಾರವಾಡದ ಪ್ರಸಾರ ಯಂತ್ರದ್ದು 200 ಕಿಲೋವಾಟ್. ಮನೆಯ ರೌಟರ್ ಸೂಸುವುದು ಸಾಮಾನ್ಯವಾಗಿ ಒಂದು ವಾಟ್‌ನ ಹತ್ತನೇ ಒಂದು ಪಾಲಿನಷ್ಟು. ಇಪ್ಪತ್ತು ಲಕ್ಷ ಪಟ್ಟು ಕಡಿಮೆ.

ನಮ್ಮ ಭಾಗದ ಹಳೆಯ ಮನೆಗಳನ್ನು ನೆನೆಯಿರಿ. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಆಮೇಲೆ ನಡುಮನೆ, ದೇವರಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಎಲ್ಲವೂ ಉದ್ದಕ್ಕೆ ಒಂದರ ಹಿಂದೆ ಒಂದು, ನಡುನಡುವೆ ಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆ. ಫೈಬರ್ ತಂತಿ ಬರುವುದು ಬೀದಿಯ ಕಂಬದಿಂದ. ತಂತಿ ಹಾಕಲು ಬಂದ ಹುಡುಗ ಮೊದಲು ಸಿಕ್ಕ ಗೋಡೆಗೇ ಡಬ್ಬಿ ಬಡಿದು ಹೋಗುತ್ತಾನೆ. ಅದು ಬಾಗಿಲ ಮೇಲೋ, ಟಿ.ವಿ.ಯ ಹಿಂದೋ, ಕಬ್ಬಿಣದ ತಿಜೋರಿಯ ಪಕ್ಕವೋ ಇರುತ್ತದೆ. ಹಾಡು ಕೇಳುವ ಹಿರಿಯರು ಕೂರುವುದು ಮೂರು ಗೋಡೆ ಆಚೆ. ಮಣ್ಣು, ಕಲ್ಲು ಅಲೆಯನ್ನು ಹೀರುತ್ತವೆ, ತಿಜೋರಿ ಮತ್ತು ತಗಡು ಅದನ್ನು ತಿರುಗಿಸಿ ಒಗೆಯುತ್ತವೆ. ಮೇಲೆ ತಗಡಿನ ಪತ್ರಾಸ್ ಹೊದಿಸಿದ ಕೋಣೆಯಲ್ಲಿ ಸ್ಪೀಕರ್ ಇದ್ದರೆ ಸಂಕೇತ ಒಂದು ಮೂಲೆಯಲ್ಲಿ ಬಲವಾಗಿ, ಎರಡಡಿ ಆಚೆ ದುರ್ಬಲವಾಗಿ ಸಿಗುವುದುಂಟು.

ಇದನ್ನು ಊಹೆಗೆ ಬಿಡಬೇಕಿಲ್ಲ. ಸಂಕೇತದ ಬಲ ಅಳೆಯುವ ಉಚಿತ ಆ್ಯಪ್‌ಗಳು ಮೊಬೈಲ್‌ಗೆ ಸಿಗುತ್ತವೆ. ಸ್ಪೀಕರ್ ಇಟ್ಟ ಜಾಗದಲ್ಲಿಯೇ ಮೊಬೈಲ್ ಇಟ್ಟು ನೋಡಿ. ಅಳತೆ ಡಿಬಿಎಂ ಎಂಬ ಮಾನದಲ್ಲಿ, ಮೈನಸ್ ಅಂಕಿಯಲ್ಲಿ ಬರುತ್ತದೆ. ಮೈನಸ್ 50 ಬಂದರೆ ಬಹಳ ಚಲೋ. ಮೈನಸ್ 67ರವರೆಗೆ ಹಾಡಿಗೆ ತೊಂದರೆ ಇರದು. ಮೈನಸ್ 80ಕ್ಕೆ ಇಳಿದರೆ ಹಾಡು ತಡವರಿಸುವುದು ಖಚಿತ. ಪ್ರತಿ ಹತ್ತು ಅಂಕಿ ಇಳಿದಾಗಲೂ ಶಕ್ತಿ ಹತ್ತನೇ ಒಂದಕ್ಕೆ ಕುಸಿಯುತ್ತದೆ. ಅಂದರೆ ಮೈನಸ್ 80ರಲ್ಲಿ ಸಿಗುವುದು ಮೈನಸ್ 50ರ ಸಾವಿರದ ಒಂದು ಪಾಲು ಮಾತ್ರ. ರೌಟರನ್ನು ತಿಜೋರಿಯ ಹಿಂದಿನಿಂದ ತೆಗೆದು ನಡುಮನೆಯ ಎತ್ತರದ ಗೂಡಿನಲ್ಲಿಟ್ಟರೆ ಅಂಕಿ ಎಷ್ಟು ಏರಿತು ಎಂದು ಅಲ್ಲೇ ಕಾಣುತ್ತದೆ. ಇದಕ್ಕೆ ಖರ್ಚಾಗುವುದು ಒಂದಿಷ್ಟು ತಂತಿ ಮಾತ್ರ.

ಹಾಡು ಬರುವ ಮೂರು ದಾರಿ

ರಿಪೇರಿಗೆ ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ: ಹಾಡು ಸ್ಪೀಕರ್‌ಗೆ ಯಾವ ದಾರಿಯಿಂದ ಬರುತ್ತಿದೆ? ದಾರಿಗಳು ಮೂರು.

ಮೊದಲನೆಯದು ಬ್ಲೂಟೂತ್. ಇಲ್ಲಿ ಮೊಬೈಲ್ ನೇರವಾಗಿ ಸ್ಪೀಕರ್ ಜೊತೆ ಮಾತಾಡುತ್ತದೆ, ನಡುವೆ ರೌಟರ್ ಇಲ್ಲ. ಬ್ಲೂಟೂತ್ 2.4 ಗಿಗಾಹರ್ಟ್ಸ್ ಪಟ್ಟಿಯ 79 ಕಿರು ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಬಾರಿ ಜಿಗಿಯುತ್ತ ಸಾಗುತ್ತದೆ. ಮೊಬೈಲನ್ನು ಸೊಂಟದ ಚೀಲಕ್ಕೋ ಹಿಂದಿನ ಜೇಬಿಗೋ ಹಾಕಿಕೊಂಡು ಸ್ಪೀಕರ್‌ಗೆ ಬೆನ್ನು ಮಾಡಿದರೆ ಹಾಡು ಕಡಿಯುತ್ತದೆ. ನಮ್ಮ ಮೈಯೊಳಗಿನ ನೀರು ಈ ಅಲೆಯನ್ನು ಹೀರಿಕೊಳ್ಳುವುದೇ ಅದಕ್ಕೆ ಕಾರಣ.

ಎರಡನೆಯದು, ಸ್ಪೀಕರ್ ತಾನೇ ಇಂಟರ್‌ನೆಟ್‌ನಿಂದ ಹಾಡು ತರಿಸಿಕೊಳ್ಳುವುದು. ‘ಅಲೆಕ್ಸಾ’ಗೆ ಬಾಯಿಮಾತಿನಲ್ಲಿ ಹೇಳಿ ಹಾಡಿಸುವುದು, ಮೊಬೈಲ್‌ನಿಂದ ಗೂಗಲ್ ಕಾಸ್ಟ್ ಮಾಡುವುದು ಈ ಬಗೆಯವು. ಮೊಬೈಲ್ ಇಲ್ಲಿ ಯಾವ ಹಾಡು ಎಂದು ಹೇಳುತ್ತದೆ ಅಷ್ಟೆ. ಹಾಡು ಶುರುವಾದ ಮೇಲೆ ಮೊಬೈಲ್ ಹೊಲಕ್ಕೆ ಹೋದರೂ ಹಾಡು ನಡೆದಿರುತ್ತದೆ.

ಮೂರನೆಯದು, ಮೊಬೈಲ್ ಅಥವಾ ಕಂಪ್ಯೂಟರ್‌ನಲ್ಲಿರುವ ಹಾಡು ರೌಟರ್ ಮೂಲಕ ಸ್ಪೀಕರ್‌ಗೆ ಹೋಗುವುದು. ಮೊಬೈಲ್‌ನಿಂದ ರೌಟರ್‌ಗೆ ಒಮ್ಮೆ, ರೌಟರ್‌ನಿಂದ ಸ್ಪೀಕರ್‌ಗೆ ಇನ್ನೊಮ್ಮೆ, ಒಂದೇ ಹಾಡು ಎರಡು ಸಲ ಗಾಳಿ ದಾಟುತ್ತದೆ. ಸಂಕೇತ ದುರ್ಬಲವಾದ ಮನೆಯಲ್ಲಿ ಮೊದಲು ಸೋಲುವುದು ಈ ದಾರಿ.

ಪರೀಕ್ಷೆ ಸುಲಭ. ಹಾಡು ನಡೆದಿರುವಾಗ ಮೊಬೈಲ್ ಹಿಡಿದು ಅಂಗಳ ದಾಟಿ ಹೋಗಿ. ಹಾಡು ನಿಂತರೆ ಅದು ಮೊಬೈಲ್ ಮೂಲಕ ಬರುತ್ತಿತ್ತು. ನಿಲ್ಲದಿದ್ದರೆ ಸ್ಪೀಕರ್ ತಾನೇ ತರಿಸಿಕೊಳ್ಳುತ್ತಿದೆ. ಇಷ್ಟು ತಿಳಿದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಆಯಿ ಮೊದಲೇ ಹೇಳಿದ್ದಳು

ಊರಿನ ಹಳೆಯ ಓಣಿಯೊಂದರ ಮನೆ. ಆ ಮನೆಯ ಆಯಿಗೆ ನಸುಕಿನಲ್ಲಿ ವಚನ, ಸಂಜೆ ಭಜನೆಪದ ಬೇಕೇ ಬೇಕು. ಮೊಮ್ಮಗ ತಂದುಕೊಟ್ಟ ಸ್ಪೀಕರ್ ಕೆಲವು ತಿಂಗಳು ಚೆನ್ನಾಗಿ ಹಾಡಿ, ಆಮೇಲೆ ನಿಂತು ನಿಂತು ಹಾಡತೊಡಗಿತ್ತು. ಮನೆಯವರು ಪ್ಲ್ಯಾನ್ ಏರಿಸಿದ್ದರು, ಹೊಸ ಸ್ಪೀಕರ್‌ನ ಬೆಲೆಯನ್ನೂ ವಿಚಾರಿಸಿದ್ದರು. ಯಾವಾಗಿನಿಂದ ಹೀಗೆ ಎಂದು ಆಯಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದೊಡನೆ ಉತ್ತರ ಬಂತು: “ಮದಲ ಚಂದ ಹಾಡ್ತಿತ್ತು ತಮ್ಮಾ. ಎಮ್ಮಿ ಕೊಟಗ್ಯಾಗ ಕ್ಯಾಮೆರಾ ಕೂಡ್ಸಿದ ಮ್ಯಾಲ ಹಿಂಗ ಆಗೇತಿ. ನಾ ಹೇಳಿದ್ರ ಯಾರ ಕೇಳ್ತಾರ?”

ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಂದೊಂದಾಗಿ ನೋಡುತ್ತ ಹೋದೆವು. ಮೊದಲು ಮೊಬೈಲನ್ನು ಸ್ಪೀಕರ್ ಪಕ್ಕದಲ್ಲಿಟ್ಟು ಬ್ಲೂಟೂತ್‌ನಿಂದ ಹಾಡಿಸಿದೆವು. ಹಾಡು ಎಲ್ಲೂ ಕಡಿಯಲಿಲ್ಲ, ಹಾಗಾಗಿ ಸ್ಪೀಕರ್ ಸರಿ ಇದೆ. ಆಮೇಲೆ ಸ್ಪೀಕರನ್ನು ದೇವರಮನೆಯಿಂದ ತಂದು ಪಡಸಾಲೆಯ ರೌಟರ್ ಎದುರಿಗಿಟ್ಟು ವೈಫೈ ಮೇಲೆ ಹಾಡಿಸಿದೆವು. ಅಲ್ಲಿಯೂ ನಿಂತು ನಿಂತೇ ಬಂತು. ಅಂದರೆ ಗೋಡೆಯೊಂದೇ ಕಾರಣವಲ್ಲ. ಟಿ.ವಿ. ಆರಿಸಿದೆವು, ಮನೆಯ ಮೊಬೈಲ್‌ಗಳ ವೈಫೈ ತೆಗೆದೆವು, ಏನೂ ಬದಲಾಗಲಿಲ್ಲ. ಕೊನೆಗೆ ಹಿತ್ತಲಾಚೆ ಕೊಟ್ಟಿಗೆಗೆ ಹೋಗಿ ಕ್ಯಾಮೆರಾದ ಪ್ಲಗ್ ಕಿತ್ತಿದ್ದೇ ತಡ, ಒಳಗಿನಿಂದ ಪದ ಪೂರ್ತಿಯಾಗಿ ಕೇಳಿತು. ಪ್ಲಗ್ ಹಾಕಿದರೆ ಮತ್ತೆ ತೊದಲು, ಕಿತ್ತರೆ ಮತ್ತೆ ಸರಾಗ. ಆಯಿಯ ಮಾತು ನೂರಕ್ಕೆ ನೂರು ನಿಜವಾಗಿತ್ತು.

ಕಾರಣ ಹೀಗೆ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಉಳಿದವರು ಕಾಯಬೇಕು. ರೌಟರ್‌ಗೆ ಹತ್ತಿರವಿರುವ ಸಾಧನ ಸೆಕೆಂಡಿಗೆ 72 ಮೆಗಾಬಿಟ್ ವೇಗದಲ್ಲಿ ಮಾತು ಮುಗಿಸುತ್ತದೆ. ದೂರದಲ್ಲಿ ಸಂಕೇತ ಕ್ಷೀಣಿಸಿದ ಸಾಧನ ತನ್ನ ವೇಗವನ್ನು ಇಳಿಸುತ್ತ ಹೋಗುತ್ತದೆ. 1,500 ಬೈಟ್‌ನ ಒಂದು ಕಂತೆ ಕಳಿಸಲು 72 ಮೆಗಾಬಿಟ್‌ನಲ್ಲಿ ಒಂದು ಮಿಲಿಸೆಕೆಂಡ್‌ನ ಆರನೇ ಒಂದು ಪಾಲು ಸಾಕು. ಅದೇ ಕಂತೆಗೆ 1 ಮೆಗಾಬಿಟ್‌ನಲ್ಲಿ 12 ಮಿಲಿಸೆಕೆಂಡ್ ಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿ ಎಳೆದುಕೊಂಡು ಏರು ಹತ್ತುವ ಒಂದು ಟ್ರ್ಯಾಕ್ಟರ್ ಹಿಂದೆ ಕಾರು, ಬೈಕು, ಬಸ್ಸೆಲ್ಲ ಸಾಲುಗಟ್ಟಿದಂತೆ, ಒಂದೇ ಒಂದು ನಿಧಾನದ ಸಾಧನ ಇಡೀ ಮನೆಯ ವೈಫೈಯನ್ನು ತನ್ನ ವೇಗಕ್ಕೆ ಎಳೆಯುತ್ತದೆ. ಆ ಕ್ಯಾಮೆರಾ ಇದ್ದದ್ದು ತಗಡಿನ ಸೂರಿನಡಿ, ಮನೆಯ ತುತ್ತತುದಿಯಲ್ಲಿ. ಕಳ್ಳರ ಭಯಕ್ಕೆ ಹಗಲೂ ರಾತ್ರಿಯೂ ಚಿತ್ರವನ್ನು ಇಂಟರ್‌ನೆಟ್‌ಗೆ ಏರಿಸುತ್ತಲೇ ಇತ್ತು.

ಪರಿಹಾರಕ್ಕೆ ಹೊಸ ಸ್ಪೀಕರ್ ಬೇಕಾಗಲಿಲ್ಲ. ರೌಟರ್‌ನಿಂದ ಕೊಟ್ಟಿಗೆಗೆ ಲ್ಯಾನ್ ಕೇಬಲ್ ಎಳೆದು ಕ್ಯಾಮೆರಾವನ್ನು ತಂತಿಗೆ ಕಟ್ಟಿದರು. ಈ ಕೇಬಲ್ ನೂರು ಮೀಟರ್‌ವರೆಗೆ ತಡೆಯಿಲ್ಲದೆ ಕೆಲಸ ಮಾಡುತ್ತದೆ. ತಂತಿ ಎಳೆಯಲಾಗದವರು ಕ್ಯಾಮೆರಾದ ಒಳಗಿನ ಮೆಮೊರಿ ಕಾರ್ಡ್‌ಗೆ ಚಿತ್ರ ದಾಖಲಿಸಿ, ಅಲುಗಾಟ ಕಂಡಾಗ ಮಾತ್ರ ಇಂಟರ್‌ನೆಟ್‌ಗೆ ಕಳಿಸುವಂತೆ ಹೊಂದಿಸಬಹುದು. ತಂತಿಗೆ ಕಟ್ಟಬಹುದಾದದ್ದನ್ನೆಲ್ಲ ತಂತಿಗೆ ಕಟ್ಟಿ, ಗಾಳಿಯನ್ನು ಹಾಡಿಗೆ ಬಿಡಿ. ಟಿ.ವಿ., ಕ್ಯಾಮೆರಾ, ಕಂಪ್ಯೂಟರ್ ಕೂತಲ್ಲೇ ಕೂರುವ ವಸ್ತುಗಳು. ಅವಕ್ಕೆ ವೈಫೈ ಬೇಕಾಗಿಲ್ಲ.

ಓಣಿಯೆಲ್ಲ ಒಂದೇ ಪಟ್ಟಿಯಲ್ಲಿ

2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರ 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಮನೆ ಮನೆಗೆ ವೈಫೈ ಬರಲು ದಾರಿಯಾದದ್ದು ಹೀಗೆ. ಆ ಪಟ್ಟಿಯ ಅಗಲ ಬರೀ 83.5 ಮೆಗಾಹರ್ಟ್ಸ್. ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ, ವೈರ್‌ಲೆಸ್ ಮೌಸ್ ಎಲ್ಲವೂ ಅದರಲ್ಲೇ ಸರಿದಾಡಬೇಕು. ಕಾಗದದ ಮೇಲೆ 13 ಚಾನೆಲ್‌ಗಳಿದ್ದರೂ ಒಂದಕ್ಕೊಂದು ತಾಗದಂತೆ ಬಳಸಬಹುದಾದವು ಮೂರೇ: 1, 6, 11. ಗೋಡೆಗೆ ಗೋಡೆ ಹಂಚಿಕೊಂಡ ಓಣಿಯಲ್ಲಿ ಹತ್ತು ಮನೆಗೆ ಹತ್ತು ರೌಟರ್ ಇದ್ದರೆ ಈ ಮೂರರ ಮೇಲೆ ಹತ್ತೂ ಮನೆಯ ಭಾರ. ಊಟ ಮುಗಿಸಿ ಎಲ್ಲರೂ ಮೊಬೈಲ್ ಹಿಡಿಯುವ ರಾತ್ರಿ ಎಂಟರಿಂದ ಹತ್ತರ ನಡುವೆ ಮಾತ್ರ ಹಾಡು ಕಡಿಯುತ್ತಿದ್ದರೆ ಈ ದಟ್ಟಣೆಯನ್ನೇ ಮೊದಲು ಅನುಮಾನಿಸಬೇಕು.

ಸಂಕೇತ ಅಳೆಯುವ ಅದೇ ಆ್ಯಪ್ ಅಕ್ಕಪಕ್ಕದ ಮನೆಗಳು ಯಾವ ಚಾನೆಲ್ ಮೇಲಿವೆ ಎಂದೂ ತೋರಿಸುತ್ತದೆ. ಮೂರರಲ್ಲಿ ಖಾಲಿ ಇರುವುದಕ್ಕೆ ನಿಮ್ಮ ರೌಟರನ್ನು ಬದಲಿಸಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 3, 8 ಎಂದು ನಡುವಿನ ಅಂಕಿ ಆರಿಸಬೇಡಿ, ಅದು ಎರಡೂ ಬದಿಯವರಿಗೆ ಅಡ್ಡಬರುತ್ತದೆ. ಸ್ಪೀಕರ್ ಒಪ್ಪುವುದಾದರೆ 5 ಗಿಗಾಹರ್ಟ್ಸ್‌ಗೆ ಹೋಗುವುದು ಇನ್ನೂ ಒಳ್ಳೆಯದು. 2018ರ ಅಕ್ಟೋಬರ್‌ನಲ್ಲಿ ಸರ್ಕಾರ ಈ ಭಾಗದಲ್ಲಿ 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಮುಕ್ತಗೊಳಿಸಿದೆ. ಆದರೆ 5 ಗಿಗಾಹರ್ಟ್ಸ್ ಅಲೆ ದಪ್ಪ ಗೋಡೆಯನ್ನು ಇನ್ನೂ ಕಷ್ಟದಿಂದ ದಾಟುತ್ತದೆ. ರೌಟರ್ ಇರುವ ಕೋಣೆಯಲ್ಲಿ ಅಥವಾ ಒಂದು ಗೋಡೆಯ ಆಚೆ ಅದು ಚಲೋ, ಮೂರು ಗೋಡೆಯಾಚೆಗೆ 2.4ರಲ್ಲಿ ಉಳಿಯುವುದೇ ವಾಸಿ.

ದೂರದ ಕೋಣೆಗೆಂದು ರಿಪೀಟರ್ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅದನ್ನು ಸಂಕೇತ ಸಿಗದ ಕೋಣೆಯಲ್ಲೇ ಇಟ್ಟರೆ ಪ್ರಯೋಜನವಿಲ್ಲ, ಸಿಗದ್ದನ್ನು ಅದು ಮುಂದಕ್ಕೆ ದಾಟಿಸಲಾರದು. ನಡುದಾರಿಯಲ್ಲಿಡಬೇಕು. ಒಂದೇ ಚಾನೆಲ್ ಮೇಲೆ ಕೇಳಿ ಮತ್ತೆ ಹೇಳುವ ರಿಪೀಟರ್ ಗಾಳಿಯ ಸಮಯವನ್ನು ದುಪ್ಪಟ್ಟು ತಿನ್ನುತ್ತದೆ. ಅದೇ ಹಣದಲ್ಲಿ ಲ್ಯಾನ್ ಕೇಬಲ್ ಎಳೆದು ತುದಿಗೆ ಇನ್ನೊಂದು ವೈಫೈ ಡಬ್ಬಿ ಕೂರಿಸಿದರೆ ಕೆಲಸ ಗಟ್ಟಿ.

ಸ್ಪೀಕರ್ ಕಾಣುವುದೇ ಇಲ್ಲ

ಕೆಲವು ಮನೆಗಳಲ್ಲಿ ದೂರು ಬೇರೆಯದು. ಸ್ಪೀಕರ್‌ನ ದೀಪ ಉರಿಯುತ್ತದೆ, ಮೊಬೈಲ್‌ನಲ್ಲಿ ಅದರ ಹೆಸರೇ ಬರುವುದಿಲ್ಲ. ವೈಫೈ ಸ್ಪೀಕರ್ ತಾನಿರುವ ಸುದ್ದಿಯನ್ನು ಮನೆಯ ಜಾಲದೊಳಗೆ ಎಲ್ಲರಿಗೂ ಕೇಳುವಂತೆ ಸಾರುತ್ತದೆ. ಆ ಸಂದೇಶ 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ಹೋಗುತ್ತದೆ. ಅದು ಮನೆಯ ಜಾಲದ ಗಡಿ ದಾಟುವುದಿಲ್ಲ. ಆದ್ದರಿಂದ ಮೊಬೈಲ್ ಮತ್ತು ಸ್ಪೀಕರ್ ಒಂದೇ ಜಾಲದಲ್ಲಿರುವುದು ಕಡ್ಡಾಯ.

ನಮ್ಮಲ್ಲಿ ಗಡಿ ಹುಟ್ಟುವುದು ಹೆಚ್ಚಾಗಿ ಎರಡು ಡಬ್ಬಿಯಿಂದ. ಫೈಬರ್ ಕಂಪನಿ ಕೊಟ್ಟ ಡಬ್ಬಿಯಲ್ಲೇ ವೈಫೈ ಇರುತ್ತದೆ. ಅದರ ಮೇಲೆ ಮನೆಯವರು ಅಂಗಡಿಯಿಂದ ಇನ್ನೊಂದು ರೌಟರ್ ತಂದು ಜೋಡಿಸಿರುತ್ತಾರೆ. ಮೊಬೈಲ್ ಒಂದರಲ್ಲಿ, ಸ್ಪೀಕರ್ ಇನ್ನೊಂದರಲ್ಲಿ. ಎರಡಕ್ಕೂ ನೆಟ್ ಬರುತ್ತದೆ, ಒಂದನ್ನೊಂದು ಮಾತ್ರ ಕಾಣವು. ಮೊಬೈಲನ್ನು ಒಂದೊಂದೇ ಡಬ್ಬಿಗೆ ಸೇರಿಸಿ, ಅದರ ವೈಫೈ ವಿವರದಲ್ಲಿ ಐಪಿ ವಿಳಾಸ ನೋಡಿ. ಒಂದರದ್ದು 192.168.1 ಎಂದೂ ಇನ್ನೊಂದರದ್ದು 192.168.0 ಎಂದೂ ಶುರುವಾದರೆ ಎರಡು ಜಾಲಗಳಿವೆ ಎಂದರ್ಥ. ಎರಡನೆಯ ರೌಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಎರಡೂ ಒಂದಾಗುತ್ತವೆ.

ಗೆಸ್ಟ್ ವೈಫೈಗೆ ಸೇರಿದ ಮೊಬೈಲ್‌ಗೂ ಸ್ಪೀಕರ್ ಕಾಣದು, ಅತಿಥಿಗಳನ್ನು ಮನೆಯ ಸಾಧನಗಳಿಂದ ದೂರವಿಡುವುದೇ ಅದರ ಕೆಲಸ. ರೌಟರ್‌ನಲ್ಲಿ ‘ಎಪಿ ಐಸೊಲೇಷನ್’ ಚಾಲೂ ಇದ್ದರೂ ಹೀಗೆಯೇ. ಮೊಬೈಲ್‌ನಲ್ಲಿ ವಿಪಿಎನ್ ಇದ್ದರೆ ಆರಿಸಿ ನೋಡಿ. ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ ಈಚೆಗೆ ಪ್ರತಿ ಆ್ಯಪ್‌ಗೂ ಲೋಕಲ್ ನೆಟ್‌ವರ್ಕ್ ನೋಡಲು ಅನುಮತಿ ಬೇಕು. ಮೊದಲ ದಿನ ಬೇಡವೆಂದು ಒತ್ತಿದ್ದರೆ ಆ ಆ್ಯಪ್‌ಗೆ ಸ್ಪೀಕರ್ ಸಿಗುವುದೇ ಇಲ್ಲ.

ಕರೆಂಟು ಹೋಗಿ ಬಂದಾಗ

ಅರೆಕ್ಷಣ ಕರೆಂಟು ಹೋಗಿ ಬಂದರೆ ಬಲ್ಬು ಮಿಣುಕಿ ಉರಿಯುತ್ತದೆ. ರೌಟರ್ ಮಾತ್ರ ಮೊದಲಿನಿಂದ ಎದ್ದು ಕೂರಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಸ್ಪೀಕರ್ ಅದಕ್ಕಿಂತ ಮೊದಲೇ ಎದ್ದು, ವೈಫೈ ಸಿಗದೆ, ಹುಡುಕುವುದನ್ನು ಬಿಟ್ಟುಬಿಡುವುದುಂಟು. ಆಗ ಕ್ರಮವಾಗಿ ಮೊದಲು ಫೈಬರ್ ಡಬ್ಬಿ, ಅದು ಪೂರ್ತಿ ಎದ್ದ ಮೇಲೆ ರೌಟರ್, ಕೊನೆಗೆ ಸ್ಪೀಕರ್ ಹಚ್ಚಬೇಕು. ಎಲ್ಲವನ್ನೂ ಒಟ್ಟಿಗೆ ಆರಿಸಿ ಒಟ್ಟಿಗೆ ಹಚ್ಚುವುದರಿಂದ ಗೊಂದಲ ಹೆಚ್ಚುತ್ತದೆ. ಕರೆಂಟು ಆಗಾಗ ಹೋಗುವ ಮನೆಯಲ್ಲಿ ರೌಟರ್‌ಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಹೊಸ ಸ್ಪೀಕರ್‌ಗಿಂತ ಉಪಯುಕ್ತ ಖರೀದಿ. ರೌಟರ್ ಪ್ರತಿ ಸಲ ಎದ್ದಾಗಲೂ ಸ್ಪೀಕರ್‌ಗೆ ಹೊಸ ವಿಳಾಸ ಕೊಡಬಹುದು, ಮೊಬೈಲ್ ಹಳೆಯ ವಿಳಾಸವನ್ನೇ ಹುಡುಕುತ್ತಿರಬಹುದು. ರೌಟರ್‌ನ ಸೆಟ್ಟಿಂಗ್‌ನಲ್ಲಿ ಸ್ಪೀಕರ್‌ಗೆ ಒಂದು ಖಾಯಂ ವಿಳಾಸ ಕಾಯ್ದಿರಿಸಿದರೆ ಈ ತಾಪತ್ರಯ ತಪ್ಪುತ್ತದೆ.

ಎರಡು ಸ್ಪೀಕರ್, ಎರಡು ಗಡಿಯಾರ

ಪಡಸಾಲೆಗೊಂದು, ಅಡುಗೆಮನೆಗೊಂದು ಸ್ಪೀಕರ್ ಇಟ್ಟವರು ಒಂದೇ ಪದ ಎರಡು ಸಲ ಕೇಳಿದಂತಾಗುತ್ತದೆ ಎನ್ನುತ್ತಾರೆ. ಪ್ರತಿ ಸ್ಪೀಕರ್‌ನೊಳಗೂ ಒಂದು ಹರಳಿನ ಗಡಿಯಾರವಿದೆ, ಯಾವ ಎರಡೂ ಪೂರ್ತಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಒಂದು ತಾಸಿನಲ್ಲಿ 180 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಅಷ್ಟಾದರೆ ತಾಳ ತಪ್ಪಿದ್ದು ಯಾವ ಕಿವಿಗೂ ಗೊತ್ತಾಗುತ್ತದೆ. ಒಂದೇ ಬಳಗದ ವೈಫೈ ಸ್ಪೀಕರ್‌ಗಳನ್ನು ಆ್ಯಪ್‌ನಲ್ಲಿ ಗುಂಪು ಮಾಡಿದರೆ ಅವು ತಮ್ಮ ಗಡಿಯಾರಗಳನ್ನು ಮತ್ತೆ ಮತ್ತೆ ಹೊಂದಿಸಿಕೊಳ್ಳುತ್ತವೆ. ಒಂದನ್ನು ಬ್ಲೂಟೂತ್‌ನಲ್ಲೂ ಇನ್ನೊಂದನ್ನು ವೈಫೈನಲ್ಲೂ ಹಾಡಿಸಿದರೆ ಹೊಂದಿಕೆ ಸಾಧ್ಯವಿಲ್ಲ. ಟಿ.ವಿ.ಯ ತುಟಿ ಮುಂದೆ, ಮಾತು ಹಿಂದೆ ಬರುವುದಕ್ಕೂ ಬ್ಲೂಟೂತ್‌ನ ವಿಳಂಬವೇ ಕಾರಣ. ಅಲ್ಲಿ ಸೌಂಡ್‌ಬಾರ್‌ಗೆ ಎಚ್‌ಡಿಎಂಐ ಅಥವಾ ಆಪ್ಟಿಕಲ್ ತಂತಿ ಜೋಡಿಸುವುದೇ ಸರಿಯಾದ ದಾರಿ.

ಕಿವಿಯಿಂದಲೇ ಪತ್ತೆ

• ಕೆಲವೇ ಸೆಕೆಂಡಿಗೊಮ್ಮೆ ಕಡಿಯುತ್ತದೆ: ಸಂಕೇತ ದುರ್ಬಲ ಅಥವಾ ನಿಧಾನದ ಸಾಧನವೊಂದು ಗಾಳಿಯನ್ನು ಹಿಡಿದಿದೆ. ಸ್ಪೀಕರನ್ನು ರೌಟರ್ ಎದುರಿಗಿಟ್ಟು ನೋಡಿ, ಉಳಿದವನ್ನು ಒಂದೊಂದಾಗಿ ಆರಿಸಿ.

• ರಾತ್ರಿ ಹೊತ್ತು ಮಾತ್ರ ಕಡಿಯುತ್ತದೆ: ನೆರೆಮನೆಗಳ ದಟ್ಟಣೆ. 1, 6, 11ರಲ್ಲಿ ಖಾಲಿ ಇರುವುದಕ್ಕೆ ಬದಲಿಸಿ.

• ಮೊಬೈಲ್ ಪರದೆ ಆರಿದ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ: ಮೊಬೈಲ್‌ನ ಬ್ಯಾಟರಿ ಉಳಿತಾಯ ವ್ಯವಸ್ಥೆ ಆ್ಯಪನ್ನು ಮಲಗಿಸುತ್ತಿದೆ. ಹಾಡಿನ ಆ್ಯಪ್‌ಗೆ ಅದರಿಂದ ವಿನಾಯಿತಿ ಕೊಡಿ.

• ಹೆಸರೇ ಕಾಣುವುದಿಲ್ಲ: ಮೊಬೈಲ್, ಸ್ಪೀಕರ್ ಬೇರೆ ಬೇರೆ ಜಾಲದಲ್ಲಿವೆ.

• ರೌಟರ್‌ಗೆ ಹಾರ್ಡ್ ಡಿಸ್ಕ್ ಜೋಡಿಸಿದ ಮೇಲೆ ಶುರುವಾಯಿತು: ಯುಎಸ್‌ಬಿ 3 ತಂತಿ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಸೂಸುತ್ತದೆ. ಅದನ್ನು ದೂರವಿಡಿ.

ಕೇಳುವವರ ಕೈಗೆ ಕೊಡಿ

ರೇಡಿಯೊಗೆ ಎರಡು ತಿರುಗುಣಿ ಇದ್ದವು. ಧಾರವಾಡ ಹಚ್ಚಬೇಕೋ ಸಾಂಗ್ಲಿ ಹಚ್ಚಬೇಕೋ ಎಂಬುದು ಹಿರಿಯರ ಕೈಯಲ್ಲೇ ಇತ್ತು. ಈಗ ತಮ್ಮ ಹಾಡು ತಾವು ಕೇಳಲು ಅವರು ಬೇರೊಬ್ಬರ ಮೊಬೈಲ್, ಬೇರೊಬ್ಬರ ಪಾಸ್‌ವರ್ಡ್, ಬೇರೊಬ್ಬರ ಪುರುಸೊತ್ತು ಕಾಯಬೇಕಾಗಿದೆ. ಮನೆಯಲ್ಲಿ ದಿನವಿಡೀ ಒಬ್ಬರೇ ಇರುವವರಿಗೆ ಹಾಡು ಬರೀ ಮನರಂಜನೆ ಅಲ್ಲ, ಜೊತೆಗಾರ. ಅದು ನಿಂತಾಗ ತಪ್ಪು ನಿನ್ನದೇ ಎಂಬ ಮಾತನ್ನು ಅವರ ಮೇಲೆ ಹೊರಿಸುವುದು ದೊಡ್ಡ ಅನ್ಯಾಯ.

ಪಂಚಮಿಗೋ ದೀಪಾವಳಿಗೋ ಊರಿಗೆ ಬಂದಾಗ ಅರ್ಧ ತಾಸು ಇದಕ್ಕೆ ಕೊಡಿ. ಯಾವಾಗಿನಿಂದ ಕಡಿಯುತ್ತಿದೆ, ಯಾವ ಹೊತ್ತಿನಲ್ಲಿ, ಮನೆಗೆ ಏನು ಹೊಸದು ಬಂದ ಮೇಲೆ ಎಂದು ಕೇಳುವವರನ್ನೇ ಕೇಳಿ. ದಿನಾ ಕೇಳುವ ಪದಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಸ್ಪೀಕರ್‌ಗೆ ಚುಚ್ಚಿಡಿ, ನೆಟ್ ಹೋದ ದಿನ ಅದು ಕೈ ಬಿಡುವುದಿಲ್ಲ. ಯಾವ ಸ್ವಿಚ್ ಮೊದಲು, ಯಾವುದು ಆಮೇಲೆ ಎಂದು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ರೌಟರ್ ಪಕ್ಕದ ಗೋಡೆಗೆ ಅಂಟಿಸಿ.

ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇನ್ನೊಂದು ಮಾತು. ಸ್ಲ್ಯಾಬ್ ಹಾಕುವ ಮೊದಲು, ಗೋಡೆಗೆ ಗಿಲಾವು ಮಾಡುವ ಮೊದಲು, ಬೀದಿ ಬದಿಯಿಂದ ನಡುಮನೆಗೆ ಒಂದು ಖಾಲಿ ಪೈಪ್ ಹಾಯಿಸಿಡಿ. ಮುಂದೆ ಯಾವ ತಂತಿ ಬಂದರೂ ಅದರೊಳಗಿಂದ ಎಳೆದುಕೊಳ್ಳಬಹುದು. ನೀರಿನ ನಲ್ಲಿ ಎಲ್ಲಿ, ಕರೆಂಟಿನ ಬೋರ್ಡ್ ಎಲ್ಲಿ ಎಂದು ಗೌಂಡಿಯ ಜೊತೆ ಕೂತು ಗೆರೆ ಹಾಕುವ ನಾವು ವೈಫೈ ಎಲ್ಲಿರಬೇಕು ಎಂದೂ ಅದೇ ಹೊತ್ತಿಗೆ ತೀರ್ಮಾನಿಸೋಣ. ಅದನ್ನು ತೀರ್ಮಾನಿಸಬೇಕಾದದ್ದು ಬೀದಿಯ ಕಂಬ ಎಲ್ಲಿದೆ ಎಂದು ನೋಡಿ ಅಲ್ಲ, ಹಾಡು ಕೇಳುವವರು ಎಲ್ಲಿ ಕೂರುತ್ತಾರೆ ಎಂದು ನೋಡಿ.